ರೇಡಿಯೊದ ಮುಂದೆ ಕುಳಿತಿದ್ದವರು

ಆ ಸಂಜೆ ಪಂಚಾಯಿತಿ ಕಟ್ಟೆಯ ರೇಡಿಯೊದ ಮುಂದೆ ನನ್ನ ತಮ್ಮ ಕಂಠಪ್ಪ ನಿಮ್ಮ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತಿದ್ದುದನ್ನು ಕಣ್ಣಾರೆ ಕಂಡವರು ನೀವು, ಹಾಗಿದ್ದೂ ಮರುದಿನ ಸಬ್‌ಇನ್ಸ್‌ಪೆಕ್ಟರು ಊರಿಗೆ ಬಂದು ಕೇಳಿದಾಗ ನಿಮ್ಮ ನಾಲಿಗೆ ಎಲ್ಲಿ ಹೋಗಿತ್ತು? — ಕೇಳಬೇಕು, ಈಗಲೇ ಎದ್ದು ನಿಂತು ಕೇಳಬೇಕು, ಆದರೆ ಹುಣಸೂರಿನ ಠಾಣೆಗೆ ನಮ್ಮನ್ನು ಒಯ್ಯುವ ಬಸ್ಸು ಗುಂಡಿಗೆ ಇಳಿದು ಏಳುತ್ತದೆ, ಮುಂದಿನ ಸಾಲಿನ ನಾಲ್ಕು ರುಮಾಲುಗಳು ಒಟ್ಟಿಗೆ ಎಡಕ್ಕೆ ವಾಲಿ ಒಟ್ಟಿಗೆ ಬಲಕ್ಕೆ ವಾಲುತ್ತವೆ, ಇವರ ತಲೆಗಳು ಯಾವಾಗಲೂ ಹೀಗೆಯೇ, ಕುಲುಕಿದ ಕಡೆಗೆ ವಾಲುವ ತಲೆಗಳು, ಅವುಗಳಲ್ಲಿ ಬಿಳಿಯ ಜರಿ ಅಂಚಿನದು ವೀರಭದ್ರಸ್ವಾಮಿಯದು, ನಮ್ಮ ಮಠದ ಬೀದಿಯ ಯಜಮಾನ, ಅಡಿಗಡಿಗೂ ಹಿಂದಿರುಗಿ ನೋಡುತ್ತಾನೆ, ಮೇಷ್ಟ್ರೇ ಕಾಗದ ಜೋಪಾನ ಕಣ್ರೀ ಅನ್ನುತ್ತಾನೆ, ಜೋಪಾನವಾಗಿಯೇ ಇದೆ, ಕೋಟಿನ ಒಳಜೇಬಿನಲ್ಲಿದೆ, ನಾಲ್ಕು ಮಡಿಕೆಯ ಫಿರ್ಯಾದು, ನನ್ನದೇ ಅಕ್ಷರ. ಇಪ್ಪತ್ತಾರು ವರ್ಷ ಮಕ್ಕಳಿಗೆ ಉಕ್ತಲೇಖನ ಬರೆಸಿದವನು ನಾನು, ನಿಧಾನವಾಗಿ ಹೇಳಿ, ಎರಡು ಸಲ ಹೇಳಿ, ಪೂರ್ಣವಿರಾಮವನ್ನೂ ಬಾಯಿಂದ ಹೇಳಿ ಬರೆಸಿದವನು, ನಿನ್ನೆ ಮುಸ್ಸಂಜೆ ನನ್ನ ಮನೆಯ ಜಗುಲಿಯಲ್ಲಿ ವೀರಭದ್ರಸ್ವಾಮಿ ಹೇಳುತ್ತಾ ಹೋದ, ನಾನು ತಲೆ ತಗ್ಗಿಸಿ ಬರೆಯುತ್ತಾ ಹೋದೆ, ಸದರಿ ಜವರಯ್ಯನು ಜಾತಿ ದ್ವೇಷದಿಂದಲೂ ಹೊಸ ಮುಖ್ಯಮಂತ್ರಿಗಳ ಆಯ್ಕೆಯ ಮೇಲಿನ ಅಸೂಯೆಯಿಂದಲೂ ನನ್ನ ಹೊಗೆಸೊಪ್ಪಿನ ಬ್ಯಾರನ್ನಿಗೆ ಬುದ್ಧಿಪೂರ್ವಕವಾಗಿ ಬೆಂಕಿ ಇಟ್ಟಿರುತ್ತಾನೆ — ಬರೆದೆ. ಒಂದು ಕಾಗುಣಿತವೂ ತಪ್ಪಲಿಲ್ಲ. ಸುಳ್ಳನ್ನು ಅಷ್ಟು ಶುದ್ಧವಾಗಿ ಬರೆಯಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಮುಗಿದಾಗ ವೀರಭದ್ರಸ್ವಾಮಿ ಕಾಗದವನ್ನು ದೀಪಕ್ಕೆ ಹಿಡಿದು, ಅಬ್ಬಾ ಏನ್ ಅಕ್ಷರ ಮೇಷ್ಟ್ರೇ, ಮುತ್ತು ಪೋಣಿಸಿದಂಗದೆ, ಅಂದ.

ಬ್ಯಾರನ್ನು, ಸೊಪ್ಪನ್ನು ಶಾಖಕ್ಕೆ ಒಣಗಿಸಿ ಹದಮಾಡುವ ಮನೆ, ನನ್ನ ಹೆಸರಿನಲ್ಲಿದೆ, ಹಿರಿಯನೆಂಬ ಕಾರಣಕ್ಕೆ, ಬೇಸಾಯವೆಲ್ಲ ಕಂಠಪ್ಪನದು. ನಾಲ್ಕು ಮಣ್ಣಿನ ಗೋಡೆ, ಎತ್ತರದ ಹುಲ್ಲಿನ ಮಾಡು, ಒಳಗೆ ಅಟ್ಟದ ಮೇಲೆ ಅಟ್ಟ, ಕಡ್ಡಿಗೆ ಕಟ್ಟಿದ ಹಸಿ ಎಲೆ ನೆತ್ತಿಯವರೆಗೆ ತೂಗುತ್ತದೆ, ನೆಲದಲ್ಲಿ ತಗಡಿನ ಕೊಳವೆ, ಹೊರಗಿನಿಂದ ಒಲೆ, ಆರು ದಿನ ಆರು ರಾತ್ರಿ ಒಲೆ ಆರಬಾರದು, ಮೀರಲೂಬಾರದು, ಗೋಡೆಯ ಪುಟ್ಟ ಗಾಜಿನಲ್ಲಿ ಕಣ್ಣಿಟ್ಟು ಶಾಖ ನೋಡಿ ಒಂದೊಂದೇ ಕೊರಡು ಒಳಗೆ ತಳ್ಳಬೇಕು, ಮಗುವಿಗೆ ಅನ್ನ ತಿನ್ನಿಸಿದ ಹಾಗೆ ಎಂದು ಜವರಯ್ಯ ಹೇಳುತ್ತಿದ್ದ. ಜವರಯ್ಯ ಗೌಡರ ಬೀದಿಯವನು, ನಮ್ಮ ಹೊಲದ ಪಕ್ಕವೇ ಅವನ ಹೊಲ, ಅವನ ಸೊಪ್ಪೂ ನಮ್ಮ ಸೊಪ್ಪೂ ಒಂದೇ ಬ್ಯಾರನ್ನಿನಲ್ಲಿ ಹದವಾಗುವುದು ಏಳು ವರ್ಷದ ಪದ್ಧತಿ, ಹಗಲು ಒಲೆ ಕಂಠಪ್ಪನದು, ರಾತ್ರಿ ಒಲೆ ಜವರಯ್ಯನದು, ಒಬ್ಬನು ಬಂದು ಗಾಜಿನಲ್ಲಿ ನೋಡಿ ಸರಿ ಎಂದ ಮೇಲೆಯೇ ಇನ್ನೊಬ್ಬನು ಎದ್ದು ಹೋಗುವುದು, ಇದಕ್ಕೆ ಯಾವ ಕಾಗದವೂ ಇರಲಿಲ್ಲ, ಯಾವ ಕಾನೂನೂ ಇರಲಿಲ್ಲ, ನಂಬಿಕೆಯೊಂದೇ ಇತ್ತು, ಆದ್ದರಿಂದಲೇ ಅದನ್ನು ಮುರಿಯುವುದು ಇಷ್ಟು ಸುಲಭವಾಯಿತೇ? ಮಂಗಳವಾರ ಸಂಜೆ, ಐದನೆಯ ದಿನ, ಕಡುಶಾಖದ ದಿನ, ಎಲೆಯ ನಡುದಂಟು ಒಣಗುವ ದಿನ, ಎಂದಿಗಿಂತ ಹೆಚ್ಚು ಎಚ್ಚರ ಬೇಕಾದ ದಿನ, ಜವರಯ್ಯ ಹೊತ್ತಿಗೆ ಮೊದಲೇ ಬಂದಿದ್ದ, ಕಂಠಪ್ಪನೇ ಅವನಿಗೆ, ಓಗಿ ಉಂಡ್ಕಂಡು ಬಾ ಜವರಣ್ಣ, ಅಲ್ಲೀಗಂಟ ನಾನಿರ್ತೀನಿ, ಎಂದು ಕಳಿಸಿದ. ಆಮೇಲೆ ಕಟ್ಟೆಯ ಕಡೆಯಿಂದ ಕೂಗು ಕೇಳಿಸಿತು — ಹೇಳ್ತಾವ್ರೆ, ಹೇಳ್ತಾವ್ರೆ, ಬನ್ರೋ! — ನವೆಂಬರು ಒಂದಕ್ಕೆ ಹುಟ್ಟುವ ಹೊಸ ರಾಜ್ಯಕ್ಕೆ ಮುಖ್ಯಮಂತ್ರಿ ಯಾರೆಂದು ಬೆಂಗಳೂರಿನಲ್ಲಿ ತೀರ್ಮಾನವಾಗುವ ಸಂಜೆ ಅದು, ನಮ್ಮವರೋ ಅವರವರೋ ಎಂದು ವಾರದಿಂದ ಇಡೀ ಊರು ಉಸಿರು ಕಟ್ಟಿಕೊಂಡಿತ್ತು. ಕಂಠಪ್ಪ ಏನು ಮಾಡಿದ? ಒಂದೊಂದೇ ಕೊಡಬೇಕಾದ ಕೊರಡುಗಳನ್ನು ಏಳೆಂಟು ಒಟ್ಟಿಗೆ ಒಲೆಯ ಬಾಯಿಗೆ ತುರುಕಿದ, ನಾನು ಬರುವವರೆಗೆ ಉರಿಯಲಿ ಎಂದು, ಓಡಿದ. ಇಷ್ಟೇ. ಇದರಲ್ಲಿ ದ್ವೇಷವಿಲ್ಲ, ಅಸೂಯೆಯಿಲ್ಲ, ರೇಡಿಯೊ ಕೇಳುವ ಆಸೆಯಿದೆ. ನಾನೂ ಅಲ್ಲಿದ್ದೆ. ಅವನು ಬಂದು ಕುಳಿತುದನ್ನು ನಾನೂ ಕಂಡೆ. ಒಲೆ ಯಾರ ಕೈಲಿದೆಯೋ ಎಂದು ಕೇಳಬೇಕಿತ್ತು, ಕೇಳಲಿಲ್ಲ, ಅಷ್ಟರಲ್ಲಿ ಹೆಸರು ಬಂತು.

ಹೆಸರು ಬಂತು, ನಮ್ಮವರ ಹೆಸರು. ಮುಂದಿನ ಸಾಲುಗಳಲ್ಲಿ ಕುಳಿತಿದ್ದ ಮಠದ ಬೀದಿ ಎದ್ದು ಕುಣಿಯಿತು, ದೀಪಾವಳಿಗೆಂದು ಪಿರಿಯಾಪಟ್ಟಣದಿಂದ ತಂದಿಟ್ಟಿದ್ದ ಪಟಾಕಿಯೆಲ್ಲ ಹಬ್ಬಕ್ಕೆ ಮುಂಚೆಯೇ ಸಿಡಿಯಿತು, ಹಿಂದಿನ ಸಾಲುಗಳ ಗೌಡರ ಬೀದಿ ಮೇಲುವಸ್ತ್ರ ಕೊಡವಿಕೊಂಡು ಎದ್ದು ಹೊರಟಿತು, ನಮ್ಮವನೊಬ್ಬ ಹೊರಟವರ ಬೆನ್ನಿಗೆ, ಯಾಕ್ರಪ್ಪಾ ಸಕ್ಕರೆ ಅಂಚ್ತೀವಿ, ಇಸ್ಕಂಡು ಓಗ್ರಪ್ಪಾ, ಅಂದ, ಅವರಲ್ಲೊಬ್ಬ ತಿರುಗಿ, ನಿಮ್ಮ ಸಕ್ಕರೆ ನಿಮ್ ಬಾಯ್ಗೇ ಆಕ್ಕಳಿ, ನಾಳೆ ಬೇದಿಯಾದೀತು, ಅಂದ, ಎಲ್ಲರೂ ನಕ್ಕರು, ನಾನೂ ನಕ್ಕೆನಲ್ಲ, ನಗುತ್ತಿರುವಾಗಲೇ ಹೊಲದ ಕಡೆ ಆಕಾಶ ಕೆಂಪಾಯಿತು. ಒಣಗಿದ ಎಲೆಯೊಂದು ಕಳಚಿ ಕಾದ ಕೊಳವೆಯ ಮೇಲೆ ಬಿದ್ದರೆ ಸಾಕು, ಅದು ಬತ್ತಿ, ಮೇಲಿನದೆಲ್ಲ ಎಣ್ಣೆ. ಓಡಿದೆವು. ಕೊಡ ತನ್ನಿ ಎಂದು ನಾನು ಗೌಡರ ಬೀದಿಯ ಮುಂದೆ ನಿಂತು ಕೂಗಿದೆ, ಜಗುಲಿಯ ಮೇಲಿಂದ ದೇವರಾಜು — ಓದಿದವನು, ನನ್ನ ಕೈಯಲ್ಲೇ ಓದಿದವನು — ತಂತಿ ಕೊಡ್ರಿ ಮೇಷ್ಟ್ರೇ, ನಿಮ್ಮ ಮುಖ್ಯಮಂತ್ರಿಗೊಂದು ತಂತಿ ಕೊಡ್ರಿ, ನೀರು ಒತ್ಕಂಡು ಬತ್ತಾರೆ, ಅಂದ. ಒಂದು ಕೊಡವೂ ಬರಲಿಲ್ಲ ಆ ಬೀದಿಯಿಂದ. ಹೆಂಗಸರು ತುಂಬಿದ ಕೊಡಗಳನ್ನು ಸೊಂಟದಲ್ಲಿಟ್ಟುಕೊಂಡು ನಿಂತಿದ್ದರು, ಗಂಡಸರು ಹೂಂ ಎನ್ನಲಿಲ್ಲ. ಮಾಡು ಕುಸಿಯಿತು. ಬೂದಿಯ ಮುಂದೆ ಕಂಠಪ್ಪ ಮೊಣಕಾಲೂರಿ ಕುಳಿತು, ನಂದೇ ತಪ್ಪು, ನಾನೇ ಸೌದೆ ತುರುಕ್ಬುಟ್ಟು ಬಂದೆ, ನಾನೇ ಏಳ್ಬುಡ್ತೀನಿ ಎಲ್ಲಾರ್ಗೂ, ಎಂದು ಅಳುತ್ತಿದ್ದ, ಅವನ ಹೆಗಲು ಹಿಡಿದು ಎಬ್ಬಿಸಿದವನು ವೀರಭದ್ರಸ್ವಾಮಿ, ಸುಮ್ಕಿರೋ ತಮ್ಮ, ಇದು ನಿನ್ ಒಬ್ಬನ ಇಸ್ಯ ಅಲ್ಲ ಕಣೋ, ಈಗ ಇದು ಸಮಾಜದ ಇಸ್ಯ, ಅಂದ, ಆ ಹೊತ್ತಿಗೆ, ಆ ಒಂದು ಮಾತಿಗೆ, ನನ್ನ ತಮ್ಮನ ತಪ್ಪು ನನ್ನ ತಮ್ಮನಿಂದ ಕಿತ್ತುಕೊಳ್ಳಲ್ಪಟ್ಟಿತು. ತಪ್ಪೊಪ್ಪಿಕೊಳ್ಳುವ ಮನುಷ್ಯನ ಬಾಯಿಗೆ ಕೈ ಒತ್ತುವುದನ್ನು ಏನೆಂದು ಕರೆಯಬೇಕು? ಸಮಾಜವೆಂದು ಕರೆಯಬೇಕೆ? ಬೆಳಗಾಗುವುದರೊಳಗೆ ಎರಡು ಕಥೆ ಸಿದ್ಧವಾಗಿದ್ದವು, ಜವರಯ್ಯನೇ ಇಟ್ಟ ಎಂದು ಒಂದು ಬೀದಿ, ನಿಮ್ಮ ಪಟಾಕಿಯೇ ಹಾರಿ ಬಿತ್ತು ಎಂದು ಇನ್ನೊಂದು ಬೀದಿ, ಎರಡು ಬೀದಿಗೂ ಸರಿಯಾಗಿ ಗೊತ್ತು, ಕಂಠಪ್ಪ ಎಲ್ಲರ ಕಣ್ಣ ಮುಂದೆ ರೇಡಿಯೊ ಹತ್ತಿರ ಕುಳಿತಿದ್ದ, ಒಲೆಯ ಹತ್ತಿರ ಯಾರೂ ಇರಲಿಲ್ಲ. ಎಲ್ಲರಿಗೂ ಗೊತ್ತಿರುವ ನಿಜವನ್ನು ಯಾರೂ ಹೇಳದೆ ಇರುವುದಕ್ಕೆ ಎಷ್ಟು ಒಗ್ಗಟ್ಟು ಬೇಕು, ಊರ ಕೆರೆಯ ಹೂಳೆತ್ತಲು ಹತ್ತು ವರ್ಷದಿಂದ ಕೂಡಿಬಾರದ ಒಗ್ಗಟ್ಟು.

ಎದುರಿನ ಬೆಂಚಿನಲ್ಲಿ ಬುಟ್ಟಿ ಹಿಡಿದ ಕೋಳಿ ವ್ಯಾಪಾರಿಯೊಬ್ಬ ಕಂಡಕ್ಟರನೊಡನೆ ಮಾತಿಗಿಳಿದಿದ್ದಾನೆ, ಅಲ್ಲ ಕಣಣ್ಣ, ಹೊಸ ಮುಖ್ಯಮಂತ್ರಿ ಬಂದ್ರೆ ನಿನ್ ಬಸ್ಸು ಒತ್ತಿಗೆ ಸರಿಯಾಗಿ ಬತ್ತದಾ, ಕಂಡಕ್ಟರ್, ಬತ್ತದೆ ಬತ್ತದೆ, ಆದ್ರೆ ನಿಮ್ಮಂತೋರ್ನ ಅತ್ತಿಸ್ಕಳ್ಳಕಿಲ್ಲ, ಜಾತಿ ಏಳ್ಬುಟ್ಟು ಅತ್ತಬೇಕು, ಕೋಳಿಗೂ, ಎಂದು ಹಲ್ಲು ಕಿಸಿಯುತ್ತಾನೆ, ಬಸ್ಸೆಲ್ಲ ನಗುತ್ತದೆ, ವೀರಭದ್ರಸ್ವಾಮಿಯ ರುಮಾಲೂ ಅಲುಗುತ್ತದೆ, ನಗಿರಿ, ನಗುವ ಮಾತೇ, ನನ್ನ ಭಾವಮೈದ ಹ್ಯಾಂಡ್‌ಪೋಸ್ಟಿನಿಂದ ಬಂದವನು ಹೇಳಿದ, ಅಲ್ಲಿನ ಎರಡು ಕಾಫಿ ಹೋಟೆಲುಗಳಲ್ಲಿ ಈಗ ಒಂದರಲ್ಲಿ ಅವರು, ಒಂದರಲ್ಲಿ ಇವರು, ಬಸ್ಸು ತಪ್ಪಿದರೂ ಸರಿಯೇ, ಇನ್ನೊಂದರಲ್ಲಿ ನೀರು ಕೂಡ ಕುಡಿಯುವುದಿಲ್ಲವಂತೆ, ಕೃಷ್ಣರಾಜನಗರದ ಸಂತೆಯಲ್ಲಿ ದನದ ಹಗ್ಗ ಹಿಡಿದು ಮೊದಲು ಕೇಳುವುದು ಹಲ್ಲೆಷ್ಟು ಎಂದಲ್ಲ, ಯಾರ ಪೈಕಿ ಎಂದು. ಹದಿನೈದು ದಿನದ ಹಿಂದೆ ನನ್ನ ನಾಲ್ಕನೆಯ ತರಗತಿಯ ಗೋಡೆಯಲ್ಲಿ ಹಳೆಯ ಮೈಸೂರಿನ ನಕ್ಷೆಗೆ ಮೇಲಿನಿಂದ ಇನ್ನೊಂದು ಹಾಳೆ ಅಂಟಿಸಿದೆವು, ಅಂಟಿಗೆ ರಾಗಿ ಅಂಬಲಿ, ಬೀದರಿನವರೆಗೆ ಗೆರೆ ಎಳೆದೆವು, ಇಷ್ಟು ದೊಡ್ಡದಾ ಸಾರ್ ನಾವು, ಎಂದು ಮಕ್ಕಳು ಬಾಯಿ ತೆರೆದು ನೋಡಿದವು, ನನಗೆ ಕಣ್ಣು ತುಂಬಿ ಬಂತು, ಇಲ್ಲಿ ಹುಟ್ಟಿ ಇಲ್ಲೇ ಸಾಯುವ ಈ ಮಕ್ಕಳಿಗೆ ಧಾರವಾಡದಲ್ಲಿ ನೆಂಟರಿದ್ದಾರೆ, ರಾಯಚೂರಿನಲ್ಲಿ ನೆಂಟರಿದ್ದಾರೆ, ಮಾತಿನ ನೆಂಟರು, ಅದೆಷ್ಟು ದೊಡ್ಡ ಸಂಗತಿ. ನಾನು ಏಕೀಕರಣ ಬೇಕೆಂದವನು. ಗೌಡರ ಬೀದಿ ಬೇಡವೆಂದಿತ್ತು, ಮೈಸೂರು ಮೈಸೂರಾಗೇ ಇರಲಿ ಎಂದಿತ್ತು, ಅವರಿಗೂ ಒಂದು ಭಯವಿತ್ತು, ಆ ಭಯಕ್ಕೆ ನಾನು ಪಾಠ ಮಾಡಿ ಉತ್ತರ ಹೇಳಿದೆ, ಯಾರೂ ಯಾರನ್ನೂ ತುಳಿಯುವುದಿಲ್ಲ, ಭಾಷೆಗೆ ಜಾತಿಯಿಲ್ಲ ಎಂದೆ, ಕಟ್ಟೆಯ ಮೇಲೆ ನಿಂತು ಎಂದೆ, ಜವರಯ್ಯ ಕೆಳಗೆ ಕೂತು ಕೇಳಿ, ನೀವು ಏಳುದ್ರೆ ಸರಿ ಬುಡಿ ಮೇಷ್ಟ್ರೇ, ಅಂದಿದ್ದ. ಆ ರಾಜ್ಯ ಇನ್ನೂ ಹುಟ್ಟಿಲ್ಲ, ಅದರ ಮುಖ್ಯಮಂತ್ರಿ ಇನ್ನೂ ಪ್ರಮಾಣ ವಚನ ತೆಗೆದುಕೊಂಡಿಲ್ಲ, ಆ ದೊಡ್ಡ ಮನುಷ್ಯನಿಗೆ ನಮ್ಮೂರ ಹೆಸರು ತಿಳಿದಿರಲಾರದು, ಅಷ್ಟರಲ್ಲಿ ಜವರಯ್ಯ ಠಾಣೆಯಲ್ಲಿದ್ದಾನೆ, ಅವನನ್ನು ಜೈಲಿಗೆ ಕಳಿಸುವ ಕಾಗದ ನನ್ನ ಎದೆಯ ಮೇಲಿದೆ, ಇಂದು ಮಧ್ಯಾಹ್ನದೊಳಗೆ ಫಿರ್ಯಾದು ಕೈಗೆ ಬಂದರೆ ನ್ಯಾಯಾಲಯ, ಬರದಿದ್ದರೆ ಬೇರೆ ಮಾತು ಎಂದಿದ್ದಾರೆ ಸಬ್‌ಇನ್ಸ್‌ಪೆಕ್ಟರು. ಸರ್ವಮಂಗಳ ಬೆಳಿಗ್ಗೆ ತಲೆಗೆ ಟೋಪಿ ಎತ್ತಿಕೊಟ್ಟಳು, ಏನೂ ಕೇಳಲಿಲ್ಲ, ನನ್ನ ಹೆಂಡತಿ ಯಾವತ್ತೂ ಕೇಳದೆ ಬಿಟ್ಟವಳಲ್ಲ, ಬಾಗಿಲಲ್ಲಿ ಮಾತ್ರ, ನೀವು ಬರ್ದದ್ದನ್ನ ನಾನೂ ಓದಿದೆ ಕಣ್ರೀ, ಅಂದಳು. ಕಂಠಪ್ಪ ಎರಡು ದಿನದಿಂದ ಉಂಡಿಲ್ಲ, ಹಿತ್ತಿಲಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಾನೆ, ಹೊರಗೆ ಕಾವಲಿಗೆ ವೀರಭದ್ರಸ್ವಾಮಿಯ ಇಬ್ಬರು ಆಳುಗಳಿದ್ದಾರೆ, ರಕ್ಷಣೆಗಂತೆ.

ಬಸ್ಸಿನ ಮುಂಭಾಗದಲ್ಲಿ, ಡ್ರೈವರಿನ ಹಿಂದೆ, ಹೆಂಗಸರ ಜಾಗದಲ್ಲಿ ಜವರಯ್ಯನ ಹೆಂಡತಿ ಪುಟ್ಟತಾಯಮ್ಮ ಕುಳಿತಿದ್ದಾಳೆಂದು ನನಗೆ ಹತ್ತಿದಾಗಿನಿಂದ ಗೊತ್ತು, ಗೊತ್ತಿಲ್ಲದವನ ಹಾಗೆ ಕಿಟಕಿಯ ಹೊರಗೆ ನೋಡುತ್ತಿದ್ದೇನೆ, ಹೊರಗೆ ಏನಿದೆ, ರಾಗಿ ತೆನೆ ಬಾಗಿದೆ, ಲಕ್ಷ್ಮಣತೀರ್ಥದ ನೀರು ಮರಗಳ ಸಂದಿನಲ್ಲಿ ಆಗಾಗ ಹೊಳೆಯುತ್ತದೆ, ಅವಳು ಮಡಿಲಲ್ಲಿ ಬಟ್ಟೆ ಗಂಟು ಇಟ್ಟುಕೊಂಡಿದ್ದಾಳೆ, ಬುತ್ತಿಯೇ ಇರಬೇಕು, ಈಗ ಎದ್ದಳು, ಏಕೆ ಎದ್ದಳು, ಕಂಬಿ ಹಿಡಿದು ಹಿಡಿದು ಇತ್ತಲೇ ಬರುತ್ತಿದ್ದಾಳೆ, ವೀರಭದ್ರಸ್ವಾಮಿಯೂ ಅವನ ಮೂವರೂ ಕಾಲು ಮಡಿಸಿಕೊಂಡು ದಾರಿ ಬಿಟ್ಟು ಮುಖ ತಿರುಗಿಸುತ್ತಾರೆ, ನನ್ನ ಮುಂದೆ ನಿಂತಿದ್ದಾಳೆ, ಬೈಯುತ್ತಾಳೆ, ಬೈಯಲಿ, ಅದು ಅವಳ ಹಕ್ಕು. ಮೇಷ್ಟ್ರೇ, ಠಾಣೆ ಒಳೀಕೆ ನನ್ನ ಬುಡ್ತಾರಾ, ಎಂದು ಕೇಳುತ್ತಾಳೆ. ಬಿಡುತ್ತಾರಮ್ಮ, ಬುತ್ತಿ ಕೊಟ್ಟರೆ ಅವರೇ ಒಳಗೆ ಕೊಡುತ್ತಾರೆ ಅನ್ನುತ್ತೇನೆ. ಕೊಟ್ರೆ ಆಗಕಿಲ್ಲ ಮೇಷ್ಟ್ರೇ, ನಾನೇ ಉಣ್ಣಿಸ್ಬೇಕು. ಯಾಕಮ್ಮ? ಕೈಲಿ ಮುದ್ದೆ ಮುರಿಯಕ್ಕೆ ಆಗಕಿಲ್ವಲ್ಲ. ಎರಡು ಕೈಯೂ ಬೆಂದೋಗವೆ. ಉಂಡ್ಬುಟ್ಟು ಓಗೋ ಒತ್ಗೆ ಬೆಂಕಿ ಅತ್ಕಂಡಿತ್ತು, ಉರಿಯೋ ಬ್ಯಾರನ್ ಒಳೀಕೆ ನಮ್ಮನೇದು ನುಗ್ಗಿ ಕಡ್ಡಿ ಎಳ್ದಾಕ್ತಾ ಇತ್ತು, ನೀವೆಲ್ಲ ಬರೋಕೆ ಮುಂಚೆ, ಒಂಟಿಯಾಗಿ. ಆ ಸುಟ್ಟ ಕೈಯನ್ನೇ ನೋಡಿ ನಿಮ್ಮೋರು ಪೋಲೀಸ್ನೋರ್ಗೆ ಅಂದ್ರು, ನೋಡಿ ಸ್ವಾಮಿ, ಬೆಂಕಿ ಇಟ್ಟ ಕೈ ಹೆಂಗದೆ ಅಂತ. — ನಾನು ಅಲ್ಲೇ ಇದ್ದೆ. ನಾನು ಕೇಳಿದ್ದೆ ಆ ಮಾತನ್ನು. ಸುಟ್ಟ ಕೈ ಬೆಂಕಿ ಇಟ್ಟ ಕೈಯೇ ಎಂದು ಕೇಳಲು ಮೇಷ್ಟ್ರು ಬೇಕಾಗಿರಲಿಲ್ಲ, ಒಂದನೆಯ ತರಗತಿಯ ಮಗು ಸಾಕಿತ್ತು, ಅಷ್ಟು ಜನರಲ್ಲಿ ಒಂದು ಮಗುವೂ ಇರಲಿಲ್ಲವೇ. ಹೆಂಗೂ ನಿಮ್ಮ ಬೀದಿಯ ದೇವರಾಜು ಇದ್ದಾನಲ್ಲಮ್ಮ, ಅವರೆಲ್ಲ ಬಂದು ಹೇಳಬಹುದಿತ್ತಲ್ಲ, ರೇಡಿಯೊ ಹತ್ತಿರ ಕಂಠಪ್ಪನನ್ನು ಅವರೂ ಕಂಡಿದ್ದರಲ್ಲ, ಅನ್ನುತ್ತೇನೆ, ನಾಚಿಕೆಯಿಲ್ಲದವನು, ತಪ್ಪಿಸಿಕೊಳ್ಳಲು ಅವರ ಬೀದಿ ಹುಡುಕುತ್ತೇನೆ. ಅವಳು ನಗುತ್ತಾಳೆ, ಅದು ನಗುವೇ ಅಲ್ಲ, ಓಗಿದ್ದೆ ಅವನ ಮನೆ ಬಾಗ್ಲಿಗೂ, ಇರ್ಲಿ ಬುಡಕ್ಕ, ಜವರಣ್ಣ ಎಂಟು ದಿನ ಒಳಗೇ ಇರ್ಲಿ, ಮುಂದ್ಲೊರ್ಸ ಎಲೆಕ್ಷನ್ ಬತ್ತಾ ಅದೆ, ನಮ್ಮೋನ್ನ ಹೆಂಗ್ ಮಾಡುದ್ರು ನೋಡಿ ಅಂತ ತೋರಿಸ್ಬೋದು ಅಂದ. ನನ್ ಗಂಡನ್ನ ಇಬ್ರೂ ಹಂಚ್ಕಂಡವ್ರೆ ಮೇಷ್ಟ್ರೇ, ನಿಮ್ಮ ಬೀದಿ ಬೆಂಕಿ ಇಟ್ಟೋನು ಅಂತದೆ, ನಮ್ಮ ಬೀದಿ ಹುತಾತ್ಮ ಅಂತದೆ, ಮನೇಗೆ ಕಳ್ಸಿ ಅಂತ ಯಾರೂ ಅನ್ನಕಿಲ್ಲ. ಬಸ್ಸು ಹುಣಸೂರಿನ ಸೇತುವೆ ಹತ್ತುತ್ತದೆ, ಅವಳು ಓಲಾಡಿ ನನ್ನ ಸೀಟಿನ ಕಂಬಿ ಹಿಡಿಯುತ್ತಾಳೆ. ಅವಳಿಗೆ ನನ್ನ ಜೇಬಿನಲ್ಲಿರುವುದು ಏನೆಂದು ಗೊತ್ತಿಲ್ಲ. ನಾನು ಅವಳ ಗಂಡನನ್ನು ಬಿಡಿಸಲು ಹೊರಟವನೆಂದು ತಿಳಿದಿದ್ದಾಳೆ. ಇಷ್ಟು ಹೊತ್ತೂ ಹಾಗೆ ತಿಳಿದೇ ಮಾತನಾಡಿದಳು.

ಇಳಿದೆ, ನಡೆದೆ, ವೀರಭದ್ರಸ್ವಾಮಿ ಪಕ್ಕದಲ್ಲೇ ನಡೆಯುತ್ತಾ, ನೀವು ಕೊಟ್ಬುಡಿ ಸಾಕು, ಮಾತೆಲ್ಲ ನಾನಾಡ್ತೀನಿ, ಅನ್ನುತ್ತಾನೆ, ಠಾಣೆಯ ಜಗುಲಿಯಲ್ಲಿ ಸುಣ್ಣದ ವಾಸನೆ, ಗೌಡರ ಬೀದಿಯ ದೇವರಾಜು ಮತ್ತು ಮೂವರು ಮರದ ಕೆಳಗೆ ಬೀಡಿ ಸೇದುತ್ತಾ ನಿಂತಿದ್ದಾರೆ, ಅವರೂ ಬಂದಿದ್ದಾರೆ, ನೋಡಲು, ಏನಾಗುತ್ತದೋ ಅದನ್ನು ಊರಿಗೆ ಹೊತ್ತುಕೊಂಡು ಹೋಗಲು. ಕಂಬಿಯ ಹಿಂದೆ ಜವರಯ್ಯ ಎದ್ದು ನಿಲ್ಲುತ್ತಾನೆ, ಎರಡು ಕೈಯನ್ನೂ ಎದೆಯ ಮುಂದೆ ಯಾವುದಕ್ಕೂ ತಾಗದಂತೆ ಎತ್ತಿ ಹಿಡಿದಿದ್ದಾನೆ, ಸುತ್ತಿದ ಬಟ್ಟೆ ಹಳದಿಗಟ್ಟಿದೆ, ನನ್ನನ್ನು ಕಂಡು ಮುಖ ಬೆಳಗಿತು, ಬೆಳಗಬಾರದಿತ್ತು, ಮೇಷ್ಟ್ರೇ ತಪ್ಪು ತಿಳ್ಕಬ್ಯಾಡಿ, ಹನ್ನೊಂದು ಕಡ್ಡಿ ಈಚೆಗೆ ಎಳ್ದೆ, ಆಮ್ಯಾಕೆ ಆಗ್ನಿಲ್ಲ, ನಿಮ್ಮ ಬ್ಯಾರನ್ನು ಉಳಿಸಕಾಗ್ನಿಲ್ಲ, ಅಂದ. ಅವನು ನನ್ನ ಕ್ಷಮೆ ಕೇಳುತ್ತಿದ್ದಾನೆ. ಲಾಕಪ್ಪಿನಲ್ಲಿ ನಿಂತು, ನನ್ನ ಕ್ಷಮೆಯನ್ನು. ಸಬ್‌ಇನ್ಸ್‌ಪೆಕ್ಟರು ಕೈ ಚಾಚಿದರು, ಒಳಜೇಬಿನಿಂದ ಕಾಗದ ತೆಗೆದೆ, ವೀರಭದ್ರಸ್ವಾಮಿ ಕೆಮ್ಮಿ ಗಂಟಲು ಸರಿಮಾಡಿಕೊಂಡ, ನಾನು ಕಾಗದ ಕೊಡಲಿಲ್ಲ, ಬಿಳಿ ಹಾಳೆ ಕೇಳಿದೆ, ಮಸಿ ಕೇಳಿದೆ. ಬರೆದೆ. ಯಾರೂ ಹೇಳಿಕೊಡಲಿಲ್ಲ. ನನ್ನ ತಮ್ಮ ಕಂಠಪ್ಪನು ಸದರಿ ಸಂಜೆ ಒಲೆಗೆ ಮಿತಿಮೀರಿ ಸೌದೆ ಹಾಕಿ ಕಾವಲಿಲ್ಲದೆ ಬಿಟ್ಟು ರೇಡಿಯೊ ಕೇಳಲು ಬಂದನು, ನಾನು ಅವನನ್ನು ಅಲ್ಲಿ ಕಂಡೆನು, ಕಂಡು ಸುಮ್ಮನಿದ್ದೆನು, ಆಮೇಲೆ ಇನ್ನೊಬ್ಬರು ಹೇಳಿದಂತೆ ಈ ಹಳೆಯ ಕಾಗದವನ್ನು ಬರೆದೆನು, ಅದು ಸುಳ್ಳು. ಅಕ್ಷರ ಕಾಗೆ ಕಾಲಿನಂತಾಯಿತು, ಆಗಲಿ, ಹಳೆಯದನ್ನೂ ಸೇರಿಸಿ ಎರಡನ್ನೂ ಮೇಜಿನ ಮೇಲಿಟ್ಟೆ. ವೀರಭದ್ರಸ್ವಾಮಿ ನನ್ನ ತೋಳು ಹಿಡಿದು, ಕುಲಕ್ಕೆ ಕೊಳ್ಳಿ ಇಡ್ತೀರಲ್ರೀ ಮೇಷ್ಟ್ರೇ, ಅವರೆಲ್ಲ ನಿಂತು ನೋಡ್ತಾವ್ರೆ ಕಣ್ರೀ, ಅಂದ, ನೋಡಲಿ, ಕೊಳ್ಳಿ ಇಟ್ಟುಕೊಂಡದ್ದು ಮಂಗಳವಾರ, ನಾವೇ. ಸಬ್‌ಇನ್ಸ್‌ಪೆಕ್ಟರು ಎರಡೂ ಕಾಗದ ಓದಿದರು, ನಿಧಾನದ ಮನುಷ್ಯ, ಕನ್ನಡಕ ತೆಗೆದು ಒರೆಸಿದರು, ನೋಡಿ ಮೇಷ್ಟ್ರೇ, ಒಂದೇ ಕೈಯ ಎರಡು ಕಾಗದ, ನಾಳೆ ನಿಮ್ಮ ಬೀದಿಯವರೇ ಬಂದು ಅಣ್ಣತಮ್ಮಂದಿರಿಗೆ ಆಸ್ತಿ ಜಗಳ, ಅದಕ್ಕೇ ತಮ್ಮನ ಮೇಲೆ ಬರೆದರು ಎಂದರೆ ನಾನು ಯಾವುದನ್ನು ನಂಬಲಿ, ಕಂಠಪ್ಪನನ್ನು ರೇಡಿಯೊ ಮುಂದೆ ಕಂಡವರು ಇನ್ನಿಬ್ಬರು ನಿಮ್ಮ ಕೆಳಗೆ ಸಹಿ ಹಾಕಲಿ, ಈ ಮನುಷ್ಯನನ್ನು ಈಗಲೇ ಆಸ್ಪತ್ರೆಗೆ ಕಳಿಸಿ ಅಲ್ಲಿಂದ ಮನೆಗೆ ಕಳಿಸುತ್ತೇನೆ, ಎಂದರು. ಇಬ್ಬರು. ನಾನು ಜಗುಲಿಗೆ ಬಂದು ಹೊಸ ಕಾಗದ ಎತ್ತಿ ಹಿಡಿದೆ. ಮಠದ ಬೀದಿ ಕಂಬಕ್ಕೆ ಒರಗಿ ಮಣ್ಣು ನೋಡುತ್ತಿದೆ, ಗೌಡರ ಬೀದಿ ಮರದ ಕೆಳಗೆ ಬೀಡಿಯ ತುದಿ ನೋಡುತ್ತಿದೆ, ಒಂದು ಬೀದಿಗೆ ಮುಖ್ಯಮಂತ್ರಿ ಸಿಕ್ಕಿದ್ದಾರೆ, ಇನ್ನೊಂದು ಬೀದಿಗೆ ಮುಖ್ಯಮಂತ್ರಿ ಕೈತಪ್ಪಿದ್ದಾರೆ, ಇಷ್ಟು ದೊಡ್ಡ ಲಾಭನಷ್ಟದ ನಡುವೆ ಒಬ್ಬ ಮನುಷ್ಯನಿಗೆ ಊಟ ಮಾಡಲು ಕೈಯಿಲ್ಲ, ಪುಟ್ಟತಾಯಮ್ಮ ಕಂಬಿಯ ಸಂದಿನಿಂದ ಮುದ್ದೆಯ ತುತ್ತು ಚಾಚುತ್ತಿದ್ದಾಳೆ, ಅವನು ಕುತ್ತಿಗೆ ಮುಂದೆ ಮಾಡಿ ಬಾಯಿ ತೆರೆಯುತ್ತಿದ್ದಾನೆ, ನನ್ನ ಹೆಸರಿನ ಕೆಳಗೆ ಎರಡು ಗೆರೆ ಎಳೆದಿದೆ, ಖಾಲಿ, ಗಾಳಿಗೆ ಹಾಳೆ ಅದುರುತ್ತಿದೆ, ಎರಡು ಖಾಲಿ ಗೆರೆ, ನೀವು ಯಾವ ಬೀದಿಯವರೆಂದು ನಾನು ಕೇಳುವುದಿಲ್ಲ, ಇನ್ನು ಮುಂದೆ ಯಾರನ್ನೂ ಕೇಳುವುದಿಲ್ಲ, ಕಂಡಿರಿ ಎಂಬುದಷ್ಟೇ ನನಗೆ ಗೊತ್ತು, ಮಸಿ ಇನ್ನೂ ಒಣಗಿಲ್ಲ, ಎರಡು ಖಾಲಿ ಗೆರೆ, ಬನ್ನಿ, ಮೆಟ್ಟಿಲು ಮೂರೇ ಇವೆ, ಲೇಖನಿ ಇಲ್ಲಿದೆ, ದಯವಿಟ್ಟು ನಿಮ್ಮ ಹೆಸರು ಬರೆಯಿರಿ.